ಮಗಳಿಗೆ ಅರ್ಕಾವೊತ್ತು ಕಲಿಸಹೋಗಿ

ಅಕ್ಷರದ ವಿಷಯದಲ್ಲಿ ತೀರ್ಥಹಳ್ಳಿ ಪೇಟೆಯಲ್ಲಿ ನನ್ನ ಎದುರು ನಿಲ್ಲುವವರು ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬಲು ಕಾರಣವೂ ಇತ್ತು. ಬೋರ್ಡು ಬರೆಯುವುದು ನನ್ನ ಕಸುಬು. ಅಂಗಡಿ, ಹೋಟೆಲು, ಲಾರಿಯ ಹಿಂಭಾಗ, ಶಾಲೆಯ ಗೋಡೆ, ದೇವಸ್ಥಾನದ ದಾನಿಗಳ ಪಟ್ಟಿ, ಈ ಕೈ ಬರೆಯದ ಜಾಗವಿಲ್ಲ. ಫ್ಲೆಕ್ಸ್ ಬಂದು ನಮ್ಮ ಕಸುಬಿನ ಅನೇಕರು ಬ್ರಶ್ ಕೆಳಗಿಟ್ಟ ಮೇಲೂ "ಆರ್ಟಿಸ್ಟ್ ನಾಗೇಶನ ಅಕ್ಷರವೇ ಬೇಕು" ಎಂದು ಹುಡುಕಿಕೊಂಡು ಬರುವವರು ಇದ್ದಾರೆ. ಹೀಗಿರುವಾಗ ನನ್ನ ಹತ್ತು ವರ್ಷದ ಮಗಳಿಗೆ ಬರೆಯಲು ಬರುವುದಿಲ್ಲ ಎಂದು ಅವಳ ಟೀಚರ್ ಹೇಳಿಕಳಿಸಿದಾಗ ನನಗೆ ನಗು ಬಂತು. ಮೀನಿನ ಮರಿಗೆ ಈಜು ಬರುವುದಿಲ್ಲವಂತೆ!

ಓದುವುದರಲ್ಲಿ ಮಾತ್ರ ನನ್ನ ಮಗಳು ರಾಕ್ಷಸಿ. ಪುಸ್ತಕ ಸಿಕ್ಕರೆ ಪುಸ್ತಕ, ಇಲ್ಲದಿದ್ದರೆ ಶೇಂಗಾ ಕಟ್ಟಿಕೊಟ್ಟ ಪೇಪರ್ ಚೂರು. ಲೈಬ್ರರಿಯಿಂದ ಶನಿವಾರ ತಂದ ಎರಡು ಪುಸ್ತಕ ಭಾನುವಾರ ಸಂಜೆಗೆ ಮುಗಿದಿರುತ್ತದೆ. ಪಕ್ಕದ ಮನೆಯ ಅಜ್ಜಿ ತಮ್ಮ ಮಾತ್ರೆಯ ಚೀಟಿಯನ್ನು ಅವಳಿಂದಲೇ ಓದಿಸಿಕೊಳ್ಳುವುದು.

ಶಾಲೆಗೆ ಹೋದೆ. ಲಲಿತಾ ಟೀಚರ್ ನನ್ನನ್ನು ಪುಟ್ಟ ಬೆಂಚಿನ ಮೇಲೆ ಕೂರಿಸಿ, ಮಗಳ ನೋಟ್‌ಬುಕ್ ಮುಂದಿಟ್ಟರು.

"ಏಳನೇ ಕ್ಲಾಸಿನ ಪುಸ್ತಕ ಕೊಟ್ರೂ ನೀರು ಕುಡಿದ ಹಾಗೆ ಓದ್ತಾಳೆ. ಪ್ರಶ್ನೆ ಕೇಳಿದ್ರೆ ಬಾಯಲ್ಲಿ ಪೂರ್ತಿ ಉತ್ತರ. ಅದನ್ನೇ ಬರಿ ಅಂದ್ರೆ ಪೆನ್ಸಿಲ್ ಹಿಡ್ಕೊಂಡು ಕೂತುಬಿಡ್ತಾಳೆ. ಒಂದು ಪೀರಿಯಡ್‌ಗೆ ಎರಡು ಸಾಲು. ಸೋಮಾರಿತನ ಅಲ್ಲ ಇದು. ಓದೋ ಕೆಲಸ ಬೇರೆ, ಬರಿಯೋ ಕೆಲಸ ಬೇರೆ. ಕೆಲವು ಮಕ್ಕಳಿಗೆ ಒಂದು ಸಲೀಸು, ಇನ್ನೊಂದು ಗುಡ್ಡ ಹತ್ತಿದ ಹಾಗೆ. ಶಿವಮೊಗ್ಗದಲ್ಲಿ ಇದನ್ನ ನೋಡೋರು ಇದಾರೆ, ಒಂದ್ಸಲ ಕರ್ಕೊಂಡು ಹೋಗಿ. ಅಲ್ಲಿವರೆಗೆ ಬೈಬೇಡಿ, ಜಾಸ್ತಿ ಬರೆಸಲೂಬೇಡಿ."

"ಶಿವಮೊಗ್ಗ ಎಲ್ಲ ಎಂತಕ್ಕೆ ಟೀಚರ್? ಒಂದು ವಾರ ಕೊಡಿ. ನಾನೇ ಇದೀನಲ್ಲ!"

ಟೀಚರ್ ನನ್ನ ಮುಖವನ್ನೇ ನೋಡಿದರು. ಆ ನೋಟದ ಅರ್ಥ ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಮನೆಗೆ ಬಂದಾಗ ಹೆಂಡತಿ ವಸಂತಿ ಹೊಲಿಗೆ ಮಿಷನ್ ಮುಂದೆ ಕೂತು ಯಾರದೋ ಬ್ಲೌಸಿಗೆ ತೋಳು ಕೂರಿಸುತ್ತಿದ್ದಳು.

"ಟೀಚರ್ ಎಂತ ಹೇಳಿದ್ರು?"

"ನಾನೇ ಕಲಿಸ್ತೀನಿ ಅಂದೆ."

"ಟೀಚರ್ ಎಂತ ಹೇಳಿದ್ರು ಅಂತ ಕೇಳ್ದೆ ಮಾರಾಯ್ರೆ. ನೀವು ಎಂತ ಹೇಳಿದ್ರಿ ಅಂತಲ್ಲ!"

ಶಿವಮೊಗ್ಗದ ವಿಷಯವನ್ನು ನಾನು ಅಲ್ಲಿಯೇ ನುಂಗಿಕೊಂಡೆ.

ಮೊದಲ ಪಾಠ ಅದೇ ದಿನ ಸಂಜೆ ಜಗಲಿಯಲ್ಲಿ ವಿಧ್ಯುಕ್ತವಾಗಿ ಆರಂಭವಾಯಿತು. "ಮೊದಲು ನಿನ್ನ ಹೆಸರು ಬರಿ" ಎಂದೆ. ಮಗಳು ಪೆನ್ಸಿಲನ್ನು ಹಾವಿನ ಕುತ್ತಿಗೆ ಹಿಡಿದಂತೆ ಹಿಡಿದು, ನಾಲಿಗೆಯನ್ನು ಕಚ್ಚಿಕೊಂಡು, ಬೆವರು ಸುರಿಸಿ ಬರೆದಳು: ಪಾರಥನ.

ತಪ್ಪು ನನ್ನದೇ. ಹುಟ್ಟಿದಾಗ ಅವಳಿಗೆ ಸುಮ, ಕಮಲ, ವನಜ ಎಂದು ಸುಲಭದ ಹೆಸರು ಇಡಬಹುದಿತ್ತು. ಬೋರ್ಡಿನ ಮೇಲೆ ಬರೆದರೆ ಚೆಂದ ಕಾಣುತ್ತದೆಂದು ಆಸೆಪಟ್ಟು "ಪ್ರಾರ್ಥನಾ" ಎಂದು ಇಟ್ಟವನು ನಾನು. ಒಂದೇ ಹೆಸರಿನಲ್ಲಿ ಮೇಲೊಂದು ದೀರ್ಘ, ಕೆಳಗೊಂದು ಒತ್ತು, ಪಕ್ಕದಲ್ಲೊಂದು ಅರ್ಕಾವೊತ್ತು! ಪಾಪದ ಮಗುವಿನ ಕೈಗೆ ನಾಮಕರಣದ ದಿನವೇ ಕೋಳ ತೊಡಿಸಿದ್ದೆ.

"ನೋಡು ಪುಟ್ಟಿ, ಥ ಬರ್ದು ಪಕ್ಕದಲ್ಲಿ ಅರ್ಕಾವೊತ್ತು ಹಾಕು. ಪ್ರಾರ್ಥನಾ."

"ಅಪ್ಪಾ, ಬಾಯಲ್ಲಿ ರ ಮೊದಲು ಬರ್ತದೆ. ಆಮೇಲೆ ಥ. ಅಲ್ವಾ?"

"ಹೌದು."

"ಬರಿಯುವಾಗ ಯಾಕೆ ಥ ಮೊದಲು, ಆಮೇಲೆ ರ?"

ಈ ಪ್ರಶ್ನೆಯನ್ನು ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಸಾವಿರಾರು ಅರ್ಕಾವೊತ್ತು ಬರೆದ ನಾನು ಗಂಭೀರವಾಗಿ ಯೋಚಿಸಿ, ಶಾಸ್ತ್ರೋಕ್ತವಾದ ಉತ್ತರ ಕೊಟ್ಟೆ.

"ಅದು ಹಾಗೇ!"

ಹೆಸರು ಬೇಡ, ಊರಿನ ಹೆಸರು ಬರಿ ಎಂದೆ. ಅಲ್ಲಿಯೂ ಅದೇ ಪೀಡೆ. ತೀರ್ಥಹಳ್ಳಿಯಲ್ಲಿ ಅರ್ಕಾವೊತ್ತಿನ ಜೊತೆಗೆ ಳಕ್ಕೆ ಳ ಒತ್ತು ಬೇರೆ. ಹದಿನೈದು ನಿಮಿಷ ಹೋರಾಡಿ ಮಗಳು ಪೆನ್ಸಿಲ್ ಕೆಳಗಿಟ್ಟಳು.

"ಅಪ್ಪಾ, ನಾವು ಹೊಸನಗರಕ್ಕೆ ಹೋಗಿಬಿಡಣ?"

"ಎಂತಕ್ಕೆ?"

"ಅದರಲ್ಲಿ ಒಂದೂ ಒತ್ತಕ್ಷರ ಇಲ್ಲ. ಸಾಗರ ಆದ್ರೂ ಅಡ್ಡಿಲ್ಲ, ಒಂದು ದೀರ್ಘ ಅಷ್ಟೇ."

ಒಳಗಿನಿಂದ ವಸಂತಿ ಮಿಷನ್ ನಿಲ್ಲಿಸಿ ನಕ್ಕಿದ್ದು ಕೇಳಿಸಿತು. ನಾನು ನಗಲಿಲ್ಲ. ಗುರುವಿಗೆ ನಗು ಶೋಭಿಸುವುದಿಲ್ಲ.

ಮಾರನೆಯ ದಿನ ಪದ್ಧತಿ ಬದಲಿಸಿದೆ. ನನ್ನ ಗುರುಗಳು ನನಗೆ ಕಲಿಸಿದ ಹಾಗೆಯೇ ಕಲಿಸುವುದೆಂದು ತೀರ್ಮಾನಿಸಿದೆ. ಅಕ್ಷರವನ್ನು ಬರೆಯಬಾರದು, ಕಟ್ಟಬೇಕು! ಮೊದಲು ದಾರ ಹಿಡಿದು ಗೆರೆ ಹೊಡೆಯಬೇಕು, ಆಮೇಲೆ ಔಟ್‌ಲೈನ್, ಆಮೇಲೆ ಒಳಗೆ ಬಣ್ಣ, ಕೊನೆಗೆ ಬಲಗಡೆ ನೆರಳು. ಮಗಳಿಗೆ ಇದು ಹಿಡಿಸಿತು. ನಾಲ್ಕು ದಿನ ತಲೆಯೆತ್ತದೆ ಕೂತಳು. ನಾಲ್ಕನೆಯ ದಿನ ಅವಳ ಕೈಯಿಂದ ನೆರಳು ಸಮೇತ ಒಂದು ದಿವ್ಯವಾದ "ಪ್ರಾ" ಇಳಿಯಿತು. ನಾನು ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆ.

"ಚೆನ್ನಾಗಿದೆ. ನಾಳೆ ಅವಳಿಗೆ ಟೆಸ್ಟ್ ಇದೆ, ಗೊತ್ತುಂಟಾ?" ಎಂದಳು.

"ಟೆಸ್ಟ್ ಇದ್ದದ್ದೇ ಒಳ್ಳೇದಾಯ್ತು. ಟೀಚರಿಗೂ ನಮ್ಮ ಪ್ರಗತಿ ಗೊತ್ತಾಗ್ಲಿ."

ಗೊತ್ತಾಯಿತು. ಮಗಳು ಟೆಸ್ಟಿನಲ್ಲಿ ಸ್ಕೇಲ್ ಇಟ್ಟು ಗೆರೆ ಹೊಡೆದು, ಔಟ್‌ಲೈನ್ ಹಾಕಿ, ಒಳಗೆ ತುಂಬಿ, ಬಲಗಡೆ ನೆರಳು ಕೊಟ್ಟು ತನ್ನ ಹೆಸರು ಬರೆದಿದ್ದಳು. "ನಾ"ಕ್ಕೆ ನೆರಳು ಕೊಡುವಷ್ಟರಲ್ಲಿ ಗಂಟೆ ಹೊಡೆಯಿತಂತೆ! ಇಪ್ಪತ್ತಕ್ಕೆ ಸೊನ್ನೆ. ಕೆಳಗೆ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಹೆಸರು ಸುಂದರವಾಗಿದೆ. ಉತ್ತರಗಳು ಎಲ್ಲಿ?"

ಆಮೇಲೆ ನನ್ನ ಗಮನ ಪೆನ್ಸಿಲಿನ ಕಡೆ ಹರಿಯಿತು. ತಪ್ಪು ಮಗಳದ್ದೂ ಅಲ್ಲ, ಗುರುವಿನದ್ದೂ ಅಲ್ಲ, ಪೆನ್ಸಿಲಿನದ್ದು! ತೆಳ್ಳಗಿದ್ದರೆ ಹಿಡಿತ ಸಿಗುವುದು ಹೇಗೆ? ಎದುರಿನ ಗ್ಯಾರೇಜಿನಿಂದ ಹಳೆಯ ಬೈಕಿನ ಹ್ಯಾಂಡಲ್ ಕವರ್ ತಂದು, ಪೆನ್ಸಿಲಿಗೆ ಬಟ್ಟೆ ಸುತ್ತಿ, ಆ ರಬ್ಬರನ್ನು ಒತ್ತಿ ಕೂರಿಸಿದೆ. ಅದು ಪೆನ್ಸಿಲ್ ಆಗಿ ಉಳಿಯಲಿಲ್ಲ. ಒನಕೆಯಾಯಿತು. ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು "ಕ" ಬರೆದಳು. ಪೇಪರ್ ಹರಿದು, ಕೆಳಗಿನ ಪೇಪರೂ ಹರಿದು, ಮೂರನೆಯ ಹಾಳೆಯಲ್ಲಿ "ಕ" ಮೂಡಿತ್ತು.

ಇಲ್ಲಿಯವರೆಗೆ ನಡೆದದ್ದನ್ನು ನಾವು ಮೂವರೂ ನಕ್ಕು ಮರೆಯಬಹುದಿತ್ತು. ನಾನು ಮರೆಯಲು ಬಿಡಲಿಲ್ಲ. ಮೂರನೆಯ ವಾರ ನನ್ನ ತಲೆಗೆ ಹೊಳೆದ ಉಪಾಯದ ಬಗ್ಗೆ ಈಗ ಹೇಳುವಾಗಲೂ ನಾಚಿಕೆಯಾಗುತ್ತದೆ. ಇವಳು ಓದುವುದಕ್ಕೆ ಇಷ್ಟೊಂದು ಹೊತ್ತು ಕೊಡುತ್ತಾಳೆ, ಅದಕ್ಕೇ ಬರೆಯುವುದಕ್ಕೆ ಕೈ ಬಗ್ಗುವುದಿಲ್ಲ ಎಂದು ನಾನು ಸಂಶೋಧಿಸಿದೆ. ಒಂದು ಕಾನೂನು ಹೊರಡಿಸಿದೆ: ಒಂದು ಪುಟ ಬರೆದರೆ ಒಂದು ಪುಟ ಓದಬಹುದು. ಅವಳ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ನನ್ನ ಪೇಂಟ್ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ.

"ಬೇಡ ಕಣ್ರಿ. ಇದು ಸರಿ ಇಲ್ಲ" ಎಂದಳು ವಸಂತಿ.

"ನೀನು ಸುಮ್ನಿರು. ಶಿಸ್ತು ಅಂದ್ರೆ ಹಿಂಗೇ."

ಮೊದಲ ಎರಡು ದಿನ ಮಗಳು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದಳು. ಕ್ಯಾಲೆಂಡರಿನ ಹಿಂಭಾಗ, ಬೇಳೆ ಪ್ಯಾಕೆಟ್ಟು, ಹಳೇ ಮದುವೆ ಕಾಗದಗಳು, ಕೊನೆಗೆ ನನ್ನ ಪೇಂಟ್ ಡಬ್ಬಿ. "ಅಪ್ಪಾ, ಇದನ್ನ ನುಂಗಿದ್ರೆ ಕೂಡಲೇ ಡಾಕ್ಟರ ಹತ್ರ ಹೋಗ್ಬೇಕಂತೆ" ಎಂದು ಬಂದು ಹೇಳಿದಳು. ಮೂರನೆಯ ದಿನದಿಂದ ಓದುವುದನ್ನು ನಿಲ್ಲಿಸಿಬಿಟ್ಟಳು. ಬರೆಯುವುದೂ ಇಲ್ಲ, ಓದುವುದೂ ಇಲ್ಲ. ಜಗಲಿಯ ಕಂಬಕ್ಕೆ ಒರಗಿ ಸುಮ್ಮನೆ ಕೂರುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಹೊಟ್ಟೆನೋವು ಎಂದು ಶಾಲೆಗೆ ಹೋಗಲಿಲ್ಲ. ಪಕ್ಕದ ಮನೆಯ ಅಜ್ಜಿ ಮಾತ್ರೆಯ ಚೀಟಿ ಹಿಡಿದು ಬಂದರೆ, "ಇವತ್ತು ಬೇಡ ಅಜ್ಜಿ" ಎಂದಳು.

ಅಜ್ಜಿ ನನ್ನ ಕಡೆ ತಿರುಗಿ, "ಎಂತ ಮಾಡ್ದೆ ಮಾರಾಯ, ಈ ಹುಡುಗಿಗೆ?" ಎಂದು ಕೇಳಿದರು.

ನಾನು ಹೆದರಿ ಬೀರುವಿನ ಬೀಗ ತೆಗೆದೆ. ಪುಸ್ತಕಗಳನ್ನು ತಂದು ಅವಳ ಪಕ್ಕದಲ್ಲಿಟ್ಟೆ. ಅವಳು ಅವನ್ನು ಮುಟ್ಟಲೇ ಇಲ್ಲ. ಟರ್ಪೆಂಟೈನ್ ವಾಸನೆ ಅಂದಳು.

ವಸಂತಿ ಆ ದಿನ ನನ್ನ ಜೊತೆ ಒಂದೇ ಒಂದು ಮಾತು ಆಡಿದಳು. "ಬಟ್ಟೆ ಕತ್ತರಿಸೋ ಮುಂಚೆ ಅಳತೆ ತಗೋಬೇಕು ಅಂತ ನಾನು ಹೊಲಿಗೆ ಕಲಿಯಕ್ಕೆ ಬರೋ ಹುಡ್ಗೀರಿಗೆ ಮೊದಲ ದಿನನೇ ಹೇಳ್ತೀನಿ." ಆಮೇಲೆ ಮಿಷನ್ ತುಳಿಯತೊಡಗಿದಳು. ಮಿಷನ್ ಸದ್ದಿನಲ್ಲೂ ಅಷ್ಟೊಂದು ಬೈಗುಳ ಇರಬಹುದೆಂದು ನನಗೆ ಅಂದೇ ಗೊತ್ತಾದದ್ದು.

ಶನಿವಾರ ನನಗೆ ಕೋಣಂದೂರಿನಲ್ಲಿ ಕೆಲಸವಿತ್ತು. ಅಲ್ಲಿಯ ಕಲ್ಯಾಣ ಮಂಟಪವೊಂದರಲ್ಲಿ ಮರುದಿನ ಮದುವೆ. ಹುಡುಗಿಯ ಅಪ್ಪನಿಗೆ ಪ್ಲಾಸ್ಟಿಕ್ ಕಂಡರೆ ಆಗದು. ಫ್ಲೆಕ್ಸ್ ಬೇಡ, ಬಾಗಿಲಿನ ಮೇಲಿನ ದೊಡ್ಡ ಹಲಗೆಯ ಮೇಲೆ ಕೈಯಲ್ಲೇ ಬರೆಯಬೇಕು ಎಂದು ಫೋನ್ ಮಾಡಿದ್ದರು. "ಅವಳನ್ನೂ ಕರ್ಕೊಂಡು ಹೋಗಿ, ಸ್ವಲ್ಪ ಗಾಳಿ ಆಡ್ಲಿ" ಎಂದು ವಸಂತಿ ಆಜ್ಞೆ ಮಾಡಿದಳು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳದು ಒಂದೂ ಮಾತಿಲ್ಲ. ಮೊದಲೆಲ್ಲ ಬೈಕ್ ಹತ್ತಿದರೆ ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ ಹುಡುಗಿ.

ಅರ್ಧ ದಾರಿಯಲ್ಲಿ ನಾನೇ ಬರೆದ ಒಂದು ಬೋರ್ಡು ಬಂತು. ಒಳ್ಳೆಯ ಹಳದಿ ಹಿನ್ನೆಲೆ, ನೀಲಿ ಅಕ್ಷರ, ಆರು ವರ್ಷವಾದರೂ ಮಾಸಿಲ್ಲ. ನಾನು ಬೇಕೆಂದೇ ಬೈಕ್ ನಿಧಾನ ಮಾಡಿದೆ. ಹಿಂದಿನಿಂದ ಸಣ್ಣ ದನಿ ಕೇಳಿತು.

"ಅಪ್ಪಾ, ಅಡಿಕೆ ಸುಲಿಯಕ್ಕೆ ಮಂತ್ರ ಇರ್ತದಾ?"

ಮಗಳು ಮಾತಾಡಿದ ಖುಷಿಯಲ್ಲಿ, "ಮಂತ್ರ ಅಲ್ಲ ಪುಟ್ಟಿ, ಯಂತ್ರ" ಎಂದೆ.

"ಅಲ್ಲಿ ಮಂತ್ರ ಅಂತ ಇದೆ."

ಬೈಕ್ ನಿಲ್ಲಿಸಿ, ಇಳಿದು, ಹಿಂದಕ್ಕೆ ನಡೆದು ನೋಡಿದೆ. "ಅಡಿಕೆ ಸುಲಿಯುವ ಮಂತ್ರಗಳು ಬಾಡಿಗೆಗೆ ದೊರೆಯುತ್ತವೆ." ನನ್ನದೇ ಅಕ್ಷರ. ಏನು ದುಂಡು, ಏನು ನೆರಳು! ಆರು ವರ್ಷದಿಂದ ಈ ದಾರಿಯಲ್ಲಿ ಓಡಾಡುವಾಗಲೆಲ್ಲ ನಾನು ಈ ಬೋರ್ಡನ್ನು ನೋಡಿ ಸಂತೋಷಪಟ್ಟಿದ್ದೇನೆ. ಓದಿರಲಿಲ್ಲ.

ಅಂಗಡಿಯ ಯಜಮಾನರು ಹೊರಗೆ ಬಂದರು. ಸರಿಮಾಡಿ ಕೊಡುತ್ತೇನೆ ಎಂದೆ.

"ಮುಟ್ಟಬೇಡಿ ಮಾರಾಯ್ರೆ! ಮಂತ್ರ ಅಂತ ಓದಿ ನಗ್ತಾ ಒಳಗೆ ಬಂದೋರು ಯಂತ್ರ ತಗೊಂಡೇ ಹೋಗ್ತಾರೆ. ನೀವು ಬೇಕಂತಲೇ ಬರ್ದಿದ್ದು ಅಂತ ನಾನು ತಿಳ್ಕೊಂಡಿದ್ದೆ!"

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಒಂದು ವಾರದ ಮೇಲೆ ಅವಳ ನಗು. ನಾನು ಅದನ್ನು ನೋಡಿ ಸಂತೋಷಪಡಬೇಕಿತ್ತು. ನನಗೆ ಕಿವಿ ಬಿಸಿಯಾಯಿತು.

ಕೋಣಂದೂರಿನ ಮಂಟಪದಲ್ಲಿ ಏಣಿ ಹಾಕಿ ಕೆಲಸ ಶುರುಮಾಡಿದೆ. ಬಿಳಿ ಹಲಗೆಯ ಮೇಲೆ ಕೆಂಪು ಅಕ್ಷರ. ಮಗಳು ಕೆಳಗೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಮಾಮೂಲಿಯಾಗಿ ಜನ ನನಗೆ ಚೀಟಿಯಲ್ಲಿ ಬರೆದು ಕೊಡುತ್ತಾರೆ, ನಾನು ನೋಡಿ ಬರೆಯುತ್ತೇನೆ. ಈ ಸಲ ಎಲ್ಲವೂ ಫೋನಿನಲ್ಲಿ, ಅದೂ ಕಡಿದು ಕಡಿದು ಬರುವ ನೆಟ್‌ವರ್ಕಿನಲ್ಲಿ. ಜೊತೆಗೆ, ಹಿಂದಿನ ವಾರವಷ್ಟೇ ಒಂದು ಗೋಡೆಯ ತುಂಬ "ಆರ್ಥಿಕ ಸಾಕ್ಷರತೆ" ಎಂದು ಬರೆದು ಬಂದಿದ್ದ ಕೈ ಇದು. ಒಂದು ಗಂಟೆಯಲ್ಲಿ ಹಲಗೆ ತುಂಬಿತು. ಇಳಿದು ದೂರ ನಿಂತು ನೋಡಿದೆ. ತೇರಿನ ಹಾಗೆ ನಿಂತಿತ್ತು.

"ಅಪ್ಪಾ, ಅದು ಆರ್ಥಿಕ ಅಲ್ಲ. ಹಾರ್ದಿಕ" ಎಂದಳು ಮಗಳು.

"ಎಂತ?"

"ಆರ್ಥಿಕ ಅಂದ್ರೆ ದುಡ್ಡಿನ ವಿಷಯ. ಪೇಪರಲ್ಲಿ ಬರ್ತದಲ್ಲ, ಆರ್ಥಿಕ ಸಂಕಷ್ಟ ಅಂತ."

ಮಂತ್ರದ ಬಿಸಿ ಇನ್ನೂ ಕಿವಿಯಲ್ಲಿತ್ತು. ಮಂಟಪದ ಕೆಲಸದವರು ನಾಲ್ಕು ಜನ ನೋಡುತ್ತಿದ್ದರು. ನನ್ನ ಬಾಯಿಂದ ಆ ಮಾತು ಹೊರಬಿತ್ತು.

"ನಿನಗೇ ನೆಟ್ಟಗೆ ಬರಿಯಕ್ಕೆ ಬರಲ್ಲ. ನನಗೆ ಹೇಳಕ್ಕೆ ಬರ್ತೀಯಾ!"

ಅವಳು ತಲೆ ತಗ್ಗಿಸಿದಳು. ಮೆಟ್ಟಿಲಿನಿಂದ ಎದ್ದು ಹೋಗಿ ಬೈಕಿನ ಪಕ್ಕ ನಿಂತಳು. ವಾಪಸ್ ಬರುವಾಗ ಮಂತ್ರದ ಬೋರ್ಡು ಮತ್ತೆ ಬಂದರೂ ನಗಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ದೋಸೆ ತಿನ್ನುತ್ತಿದ್ದಾಗ ಫೋನ್ ಬಂತು. ಹುಡುಗಿಯ ಅಪ್ಪ.

"ನಾಗೇಶಣ್ಣ, ನೀವು ಬೋರ್ಡಲ್ಲಿ ಎಂತ ಬರ್ದಿದೀರಿ? ನಾವು ತೋರಣ ಕಟ್ಟೋ ಗಡಿಬಿಡಿಯಲ್ಲಿ ನೋಡ್ಲೇ ಇಲ್ಲ. ದಿಬ್ಬಣ ಬಂದು ಗೇಟಲ್ಲಿ ನಿಂತಿದೆ. ಒಳಗೆ ಬರ್ತಾ ಇಲ್ಲ!"

ಬೋರ್ಡಿನಲ್ಲಿದ್ದದ್ದು ಇಷ್ಟು: "ವರನ ಕಡೆಯವರಿಗೆ ಆರ್ಥಿಕ ಸ್ವಾಗತ."

ವರನ ಸೋದರಮಾವ ನಿವೃತ್ತ ಹೆಡ್‌ಮಾಸ್ಟರಂತೆ, ಸಾಗರದ ಕಡೆಯವರು. ವ್ಯಾನಿನಿಂದ ಇಳಿದವರೇ ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದರಂತೆ. "ನಾವು ವರದಕ್ಷಿಣೆ ಅಂತ ಒಂದು ಕಾಸು ಕೇಳ್ದೋರಲ್ಲ. ಬಾಗಿಲ ಮೇಲೆ ಹಿಂಗೆ ಬರ್ದು ಹಂಗಿಸ್ತೀರಾ?" ಎಂದು ಅಲ್ಲೇ ನಿಂತುಬಿಟ್ಟರಂತೆ. ವರ ಪೇಟ ಕಟ್ಟಿಕೊಂಡು ಬಿಸಿಲಿನಲ್ಲಿ, ಓಲಗದವರು ಊದಬೇಕೋ ಬೇಡವೋ ಗೊತ್ತಾಗದೆ ಅಲ್ಲೇ!

ದೋಸೆ ಅಲ್ಲೇ ಬಿಟ್ಟೆ. ಡಬ್ಬಿ, ಬ್ರಶ್ ಬಾಚಿಕೊಂಡು ಬೈಕ್ ಹತ್ತಿದೆ. ವಸಂತಿ ಮಗಳ ಕೈ ಹಿಡಿದು ಹೊರಗೆ ಬಂದಳು.

"ಇವಳನ್ನ ಕೂರಿಸ್ಕೊಳ್ಳಿ. ನಿಮ್ಮ ಜೊತೆ ಓದು ಬರೋರು ಒಬ್ರು ಇರ್ಬೇಕು."

ಕೋಣಂದೂರು ಮುಟ್ಟಿದಾಗ ಗೇಟಿನ ಹೊರಗೆ ಜಾತ್ರೆಯಷ್ಟು ಜನ. ಹುಡುಗಿಯ ಅಪ್ಪ ಕೈಮುಗಿದು ನಿಂತಿದ್ದರು, ಹೆಡ್‌ಮಾಸ್ಟರು ಕೈಕಟ್ಟಿ ನಿಂತಿದ್ದರು. ನಾನು ಯಾರ ಮುಖವನ್ನೂ ನೋಡದೆ ಏಣಿ ಹತ್ತಿದೆ. ಟರ್ಪೆಂಟೈನ್ ಬಟ್ಟೆಯಿಂದ "ಆರ್ಥಿಕ" ಎಂಬುದನ್ನು ಗಸಗಸ ಉಜ್ಜಿದೆ. ಕೆಂಪು ಬಣ್ಣ ಎಲ್ಲ ಕಡೆ ಹರಡಿ, ಹಲಗೆಯ ಮೇಲೆ ಯಾರನ್ನೋ ಕಡಿದ ಹಾಗಾಯಿತು. ಅದರ ಮೇಲೆ ಬಿಳಿ ಬಳಿದೆ.

"ಅಯ್ಯೋ ಅಪ್ಪಾ, ಪೂರ್ತಿ ಎಂತಕ್ಕೆ ಅಳಿಸ್ದೆ?" ಕೆಳಗಿನಿಂದ ಮಗಳು ಕೂಗಿದಳು. "ಥ ಹೊಟ್ಟೆಯಲ್ಲಿರೋ ಚುಕ್ಕೆ ತೆಗೆದಿದ್ರೆ ದ ಆಗ್ತಿತ್ತು! ಮೊದಲಿನ 'ಆ' ಒಂದನ್ನ 'ಹಾ' ಮಾಡಿದ್ರೆ ಸಾಕಿತ್ತು!"

ದಿಬ್ಬಣದಲ್ಲಿ ಯಾರೋ ಕಿಸಕ್ಕೆಂದರು.

ನಾನು ಬ್ರಶ್ಶನ್ನು ಕೆಂಪಿನಲ್ಲಿ ಅದ್ದಿ ಎತ್ತಿದೆ. ಹಲಗೆಯ ಮುಂದೆ ಹಿಡಿದೆ. ಕೈ ಓಡಲಿಲ್ಲ. ಹಾರ್ದಿಕ. ಬಾಯಲ್ಲಿ ಬರುತ್ತಿದೆ, ಕೈಯಲ್ಲಿ ಬರುತ್ತಿಲ್ಲ! ಹಾ ಆದ ಮೇಲೆ ಏನು? ಅರ್ಕಾವೊತ್ತು ಯಾವುದರ ಪಕ್ಕ? ದ ಪಕ್ಕವೋ, ಕ ಪಕ್ಕವೋ? ಗುಡಿಸು ಯಾರಿಗೆ? ನೂರು ಜನ ನನ್ನ ಬೆನ್ನನ್ನೇ ನೋಡುತ್ತಿದ್ದಾರೆ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಬ್ರಶ್ಶನ್ನು ನಾನು ಹಾವಿನ ಕುತ್ತಿಗೆ ಹಿಡಿದಂತೆ ಹಿಡಿದಿದ್ದೆ. ನನ್ನ ನಾಲಿಗೆ ಹಲ್ಲಿನ ನಡುವೆ ಇತ್ತು.

"ಬೇಗ ಬರೀರಿ, ಮುಹೂರ್ತ ಮೀರ್ತದೆ!" ಎಂದು ಯಾರೋ ಕೂಗಿದರು. ಇದ್ದ ಒಂದೆರಡು ಅಕ್ಷರವೂ ತಲೆಯಿಂದ ಹಾರಿಹೋಯಿತು.

ಮಗಳು ಏಣಿಯ ಬುಡಕ್ಕೆ ಬಂದು ನಿಂತಳು. ಕೂಗಲಿಲ್ಲ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಗಡಿಬಿಡಿ ಮಾಡ್ಬೇಡ ಅಪ್ಪ. ಮೊದಲು ಹ. ಅದಕ್ಕೆ ದೀರ್ಘ... ಸರಿ. ಈಗ ದ. ಅದಕ್ಕೆ ಗುಡಿಸು ಕೊಡು. ಹಾಂ. ಈಗ ಅದರ ಪಕ್ಕದಲ್ಲೇ ಅರ್ಕಾವೊತ್ತು. ಆಮೇಲೆ ಬರೀ ಕ. ಆಯ್ತು."

ಒದ್ದೆ ಬಿಳಿಯ ಮೇಲೆ ಕೆಂಪು ಸೇರಿ "ಹಾರ್ದಿಕ" ಎಂಬುದು ಗುಲಾಬಿ ಬಣ್ಣದಲ್ಲಿ, ಸ್ವಲ್ಪ ಸೊಟ್ಟಗೆ, ನೆರಳಿಲ್ಲದೆ ಮೂಡಿತು. ನನ್ನ ಇಡೀ ವೃತ್ತಿಜೀವನದ ಅತ್ಯಂತ ಕೆಟ್ಟ ಅಕ್ಷರ. ಏಣಿಯ ಮೇಲೆಯೇ ತಿರುಗಿ, ಓದಿ ನೋಡಲು ಕೆಳಗೆ ಬಂದು ನಿಂತಿದ್ದ ಹೆಡ್‌ಮಾಸ್ಟರಿಗೆ ಬಗ್ಗಿ ನಮಸ್ಕಾರ ಮಾಡಿದೆ. ಕೈಯಲ್ಲಿದ್ದ ಬ್ರಶ್ಶಿನಿಂದ ಒಂದು ಹನಿ ಅವರ ಬಿಳಿ ಶಲ್ಯದ ಮೇಲೆ ಬಿತ್ತು!

ಹುಡುಗಿಯ ಅಪ್ಪ ಕಣ್ಣು ಮುಚ್ಚಿಕೊಂಡರು. ಹೆಡ್‌ಮಾಸ್ಟರು ಶಲ್ಯ ನೋಡಿದರು, ಬೋರ್ಡು ನೋಡಿದರು, ಆಮೇಲೆ ನನ್ನ ಮಗಳನ್ನು ನೋಡಿದರು. ಅವರ ಮುಖ ಸಡಿಲವಾಯಿತು.

"ಇಷ್ಟೊತ್ತು ಬೋರ್ಡಲ್ಲಿ ಬರೀ 'ಅರ್ಥ' ಇತ್ತು. ಈಗ ಅರ್ಥ ಬಂತು" ಎಂದು ತಾವೇ ನಕ್ಕು, "ನಡೀರಿ ಒಳಗೆ" ಎಂದರು. ಓಲಗದವರು ಬದುಕಿದೆವು ಎಂಬಂತೆ ಊದಿದರು.

ಊಟ ಮಾಡದೆ ಹೋಗಬಾರದೆಂದು ಹುಡುಗಿಯ ಅಪ್ಪ ನಮ್ಮನ್ನು ಕೂರಿಸಿದರು. ಎದುರು ಪಂಕ್ತಿಯಲ್ಲಿ ಹೆಡ್‌ಮಾಸ್ಟರು, ಶಲ್ಯದ ಮೇಲೆ ಕೆಂಪು ಬೊಟ್ಟು ಸಮೇತ. ಹೋಳಿಗೆ ಬರುವ ಹೊತ್ತಿಗೆ ಮಗಳನ್ನು ಮಾತಾಡಿಸಿದರು.

"ಯಾವ ಕ್ಲಾಸು ಮಗಾ?"

"ಐದು."

"ಅಷ್ಟು ಚೆಂದ ಅಕ್ಷರ ಬಿಡಿಸಿ ಹೇಳಿದ್ಯಲ್ಲ, ನಿನ್ನ ಬರವಣಿಗೆನೂ ಹಾಗೇ ಇರ್ಬೇಕು?"

ಮಗಳು ಸ್ವಲ್ಪ ಯೋಚಿಸಿದಳು.

"ಇಲ್ಲ. ನನ್ನ ಕೈ ನಿಧಾನ. ನಮ್ಮ ಅಪ್ಪ ಚೆನ್ನಾಗಿ ಬರೀತಾರೆ. ಇವತ್ತು ಗಡಿಬಿಡಿಯಾಯ್ತು ಅಷ್ಟೇ."

ಪಾಯಸ ಬಡಿಸುವವರು ಬಂದು ಹೋದದ್ದು ನನಗೆ ಗೊತ್ತಾಗಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಬೈಕ್ ನಿಲ್ಲಿಸಿ, "ನಿನ್ನೆ ನಾನು ಹಾಗೆ ಹೇಳಬಾರದಿತ್ತು ಪುಟ್ಟಿ" ಎಂದೆ. ಅವಳು, "ಹೂಂ, ಹೇಳಬಾರದಿತ್ತು" ಎಂದು ಒಪ್ಪಿಕೊಂಡಳು. ಸ್ವಲ್ಪವಾದರೂ ಸೌಜನ್ಯಕ್ಕೆ "ಪರವಾಗಿಲ್ಲ ಅಪ್ಪ" ಅನ್ನಬಹುದಿತ್ತು! ಅನ್ನಲಿಲ್ಲ. ಆದರೆ ಆ ಸಂಜೆ ಟರ್ಪೆಂಟೈನ್ ವಾಸನೆಯ ಪುಸ್ತಕವೊಂದನ್ನು ಅಂಗಳದ ಬಿಸಿಲಿಗೆ ಹರಡಿ, ಪಕ್ಕದಲ್ಲೇ ಕೂತು ಓದತೊಡಗಿದಳು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗಿ ಅದೇ ಪುಟ್ಟ ಬೆಂಚಿನ ಮೇಲೆ ನಾನಾಗಿಯೇ ಕೂತೆ. ಟೀಚರಿಗೆ ಎಲ್ಲವನ್ನೂ ಹೇಳಿದೆ, ಏಣಿಯ ಮೇಲೆ ನನ್ನ ಕೈ ನಿಂತುಹೋದದ್ದನ್ನೂ. ಅವರು ನಗದೆ ಕೇಳಿದರು. ಮಂತ್ರದ ವಿಷಯಕ್ಕೆ ಬಂದಾಗ ಮಾತ್ರ ಸೆರಗು ಬಾಯಿಗೆ ಹೋಯಿತು.

"ಈಗ ಶಿವಮೊಗ್ಗಕ್ಕೆ ಹೋಗ್ತೀರಾ?"

"ನಾಳೆನೇ ಹೋಗ್ತೀನಿ ಟೀಚರ್."

ಹೋದೆವು. ವಸಂತಿ ಹೊಲಿಗೆ ಕೆಲಸ ಬದಿಗಿಟ್ಟು ಜೊತೆಗೇ ಬಂದಳು. ನನ್ನೊಬ್ಬನನ್ನು ಕಳಿಸಿದರೆ ಅಲ್ಲಿಯವರಿಗೂ ನಾನೇ ಕಲಿಸಿ ಬರಬಹುದೆಂಬ ಭಯ! ಅಲ್ಲಿದ್ದ ಮೇಡಂ ಮಗಳ ಜೊತೆ ಬಹಳ ಹೊತ್ತು ಕೂತು ನೋಡಿದರು. ಬುದ್ಧಿಗೆ ಏನೂ ಕೊರತೆಯಿಲ್ಲ, ತಲೆಯಲ್ಲಿರುವುದನ್ನು ಕೈಗೆ ಇಳಿಸುವುದು ಇವಳಿಗೆ ಕಷ್ಟ, ಬೈದರೆ ಇನ್ನೂ ಕಷ್ಟ ಎಂದರು. ದಿನಕ್ಕೆ ಹತ್ತೇ ನಿಮಿಷ ಬರೆಯಲಿ. ಉಳಿದದ್ದನ್ನು ಅವಳು ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ ಎಂದರು. ಟೀಚರ್ ಈಗ ಟೆಸ್ಟಿನಲ್ಲಿ ಅವಳಿಗೆ ಹೆಚ್ಚು ಹೊತ್ತು ಕೊಡುತ್ತಾರೆ, ಕೆಲವು ಉತ್ತರ ಬಾಯಲ್ಲೇ ಕೇಳುತ್ತಾರೆ. ಕಳೆದ ವಾರ ಅವಳು ತಾನಾಗಿಯೇ ಐದು ಸಾಲು ಬರೆದಳು. ಸೊಟ್ಟಗಿತ್ತು. ಐದೂ ಪೂರ್ತಿ ಸಾಲು! ವಸಂತಿ ಅದನ್ನು ಹೊಲಿಗೆ ಮಿಷನ್ ಎದುರಿನ ಗೋಡೆಗೆ ಅಂಟಿಸಿದ್ದಾಳೆ.

ಸಂಜೆ ಜಗಲಿಯಲ್ಲಿ ಅವಳು ಉತ್ತರಗಳನ್ನು ಹೇಳುತ್ತಾಳೆ, ನಾನು ಬರೆಯುತ್ತೇನೆ. ಅವಳ ಬಾಯಿಯ ವೇಗಕ್ಕೆ ನನ್ನ ಕೈ ಸಾಲುವುದಿಲ್ಲ. "ಸ್ವಲ್ಪ ನಿಧಾನ ಹೇಳೇ" ಎಂದು ಅಂಗಲಾಚುತ್ತೇನೆ. ನೆರಳು ಕೊಡುವ ಮಾತೇ ಇಲ್ಲ.

ಈ ನಡುವೆ ಕೋಣಂದೂರಿನ ಸುದ್ದಿ ನನಗಿಂತ ಮೊದಲೇ ತೀರ್ಥಹಳ್ಳಿ ಪೇಟೆಯ ತುಂಬ ತಿರುಗಿತ್ತು. ಮೊನ್ನೆ ಮಧ್ಯಾಹ್ನ ಹೊಸದಾಗಿ ಬೇಕರಿ ಇಡುವವರೊಬ್ಬರು ಬೋರ್ಡು ಬರೆಸಲು ಬಂದರು. ಕುರ್ಚಿ ಹಾಕಿದೆ. ಅಕ್ಷರದ ಮಾದರಿಗಳನ್ನು ಮುಂದೆ ಹರಡಿದೆ. ಅವರು ಎಲ್ಲವನ್ನೂ ಮೆಚ್ಚಿದರು, ತಲೆದೂಗಿದರು, ನನ್ನ ಕೈಯನ್ನು ಹೊಗಳಿದರು. ಆಮೇಲೆ ಮೆಲ್ಲಗೆ ಮನೆಯ ಒಳಗೆ ಇಣುಕಿ ಕೇಳಿದರು.

"ಮಗಳು ಇಲ್ವಾ?"

"ಶಾಲೆಗೆ ಹೋಗಿದಾಳೆ. ಬರೋದು ನಾಲ್ಕೂವರೆ ಆಗ್ತದೆ."

"ಹೌದಾ?" ಎಂದು ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಹಾಗಾದ್ರೆ ನಾನು ಐದು ಗಂಟೆಗೇ ಬರ್ತೀನಿ ನಾಗೇಶಣ್ಣ. ಅಲ್ಲಿವರೆಗೆ ನೀವು ಎಂತದೂ ಬರಿಯಕ್ಕೆ ಹೋಗ್ಬೇಡಿ!"